ಬಲಮುರಿ ಶಂಖ: ಬಾಯಿ ಬಲಕ್ಕಿದ್ದರಷ್ಟೇ ಸಾಲದು

"ಅಸಲಿ ಬಲಮುರಿ ಶಂಖ, ಎಷ್ಟು ಬೇಕಾದರೂ ಸ್ಟಾಕ್ ಇದೆ" ಎಂಬ ಜಾಹೀರಾತು ಈಗ ತೀರಾ ಜಾಸ್ತಿಯಾಗಿದೆ. ಅಷ್ಟು ಸಲೀಸಾಗಿ ಸಿಗುವಂಥದ್ದಲ್ಲ ಅದು.

ಮೊದಲು ಎಡಬಲದ ಗೊಂದಲ. ಪೂಜೆ ಮಾಡುವವರು ಶಂಖದ ಬಾಯಿಯನ್ನು ತಮ್ಮ ಕಡೆ ತಿರುಗಿಸಿ, ನೀರು ಸುರಿಯುವ ತುದಿಯನ್ನು ಮೇಲಿಟ್ಟು ನೋಡುತ್ತಾರೆ. ಆಗ ಸಾಮಾನ್ಯ ಶಂಖದ ಬಾಯಿ ಎಡಕ್ಕೆ, ಬಲಮುರಿಯದ್ದು ಬಲಕ್ಕೆ. ಪ್ರಾಣಿಶಾಸ್ತ್ರದವರು ಅದೇ ಶಂಖವನ್ನು ತಲೆಕೆಳಗಾಗಿ, ಸುರುಳಿಯ ಚೂಪು ಮೇಲಿಟ್ಟು ನೋಡುತ್ತಾರೆ. ಹೀಗಾಗಿ ನಮ್ಮ ಬಲಮುರಿ ಅವರ ಲೆಕ್ಕದಲ್ಲಿ ಎಡಸುರುಳಿ. ಎರಡೂ ಸರಿಯೇ. ಅವರ ಹಾಗೆ ಹಿಡಿದು ನಮ್ಮ ಹೆಸರು ಹೇಳಿದರೆ ಮಾತ್ರ ಎಡವಟ್ಟು. ಚೂಪು ಮೇಲಿಟ್ಟು "ನೋಡಿ, ಬಾಯಿ ಬಲಕ್ಕಿದೆ" ಎನ್ನುವ ವಿಡಿಯೊಗಳಲ್ಲಿ ಇರುವುದು ಮಾಮೂಲಿ ಶಂಖ.

ಬಾಯಿ ಸರಿಯಾದ ಕಡೆಗಿದ್ದರೂ ಕೆಲಸ ಮುಗಿಯಲಿಲ್ಲ. ನಮ್ಮ ಪೂಜೆಯ ಶಂಖ ಟರ್ಬಿನೆಲ್ಲಾ ಪೈರಮ್ ಎಂಬ ಕಡಲ ಬಸವನಹುಳುವಿನ ಚಿಪ್ಪು. ತೂತ್ತುಕುಡಿ, ರಾಮೇಶ್ವರದ ಮುಳುಗುಗಾರರು ಇದನ್ನು ಮನ್ನಾರ್ ಕೊಲ್ಲಿಯ ತಳದಿಂದ ತರುತ್ತಾರೆ. ಈ ಜಾತಿಯಲ್ಲಿ ತಿರುವು ಉಲ್ಟಾ ಆಗಿ ಹುಟ್ಟುವುದು ತೀರಾ ಅಪರೂಪ. ಹಾಗೆ ಹುಟ್ಟಿದ್ದೇ ಬಲಮುರಿ. ಆದರೆ ಅಮೆರಿಕದ ಫ್ಲಾರಿಡಾ, ಟೆಕ್ಸಾಸ್ ಕಡಲಲ್ಲಿ ಲೈಟ್ನಿಂಗ್ ವೆಲ್ಕ್ ಅಂತ ಬೇರೆಯೇ ಜಾತಿ ಇದೆ. ಅದು ಹುಟ್ಟುವುದೇ ಹಾಗೆ, ಅದರಲ್ಲಿ ವಿಶೇಷ ಏನೂ ಇಲ್ಲ. ಟೆಕ್ಸಾಸ್ 1987ರಲ್ಲಿ ಅದನ್ನು ತನ್ನ ರಾಜ್ಯದ ಚಿಪ್ಪು ಎಂದು ಘೋಷಿಸಿತು. ನಮ್ಮಲ್ಲಿ ಬಲಮುರಿ ಎಂದು ಮಾರುವ ಎಷ್ಟೋ ಚಿಪ್ಪುಗಳು ಇವೇ.

ಬೇರ್ಪಡಿಸುವುದು ಕಷ್ಟವಲ್ಲ. ಬಾಯಿಯ ಒಳಗೆ, ಸುರುಳಿ ಸುತ್ತಿಕೊಂಡಿರುವ ನಡುಗಂಬದ ಮೇಲೆ ಬೆರಳಾಡಿಸಿ. ನಮ್ಮ ಶಂಖದಲ್ಲಿ ಅಡ್ಡಡ್ಡ ಮೂರೋ ನಾಲ್ಕೋ ಗಟ್ಟಿ ಏಣುಗಳು ಬೆರಳಿಗೆ ತಾಗುತ್ತವೆ. ವೆಲ್ಕಿನಲ್ಲಿ ಆ ಜಾಗ ನುಣುಪು. ನಮ್ಮ ಶಂಖದ ಗೋಡೆ ದಪ್ಪ, ಕೈಗೆ ಭಾರ. ವೆಲ್ಕಿನದು ತೆಳು, ಭುಜದ ಮೇಲೆ, ಅಂದರೆ ಚಿಪ್ಪು ಅತಿ ಅಗಲವಾಗಿರುವ ಕಡೆ, ಗುಬಟುಗಳ ಸಾಲು, ಎಳೆಯದಾದರೆ ಮೈಮೇಲೆ ಕಂದು ಗೀರುಗಳೂ ಇರುತ್ತವೆ. ಬಣ್ಣ ನಂಬಬೇಡಿ. ಕಡಲಿನಿಂದ ತೆಗೆದಾಗ ನಮ್ಮ ಶಂಖದ ಮೇಲೂ ಕಂದು ಸಿಪ್ಪೆ ಇರುತ್ತದೆ, ಉಜ್ಜಿ ತೆಗೆದ ಮೇಲೇ ಬಿಳುಪು. ಗುಬಟನ್ನೂ ಉಜ್ಜಿ ತೆಗೆಯಬಹುದು. ಇಲ್ಲದ ಏಣನ್ನು ಒಳಗೆ ಮೂಡಿಸುವುದು ಅಷ್ಟು ಸುಲಭವಲ್ಲ.

ಕಿವಿಗಿಟ್ಟರೆ ಓಂಕಾರ ಕೇಳಬೇಕು ಅನ್ನುವುದೂ ಪರೀಕ್ಷೆಯಲ್ಲ. ಟೊಳ್ಳಾದ ಯಾವ ಚಿಪ್ಪನ್ನಿಟ್ಟರೂ ಸುತ್ತಲಿನ ಸದ್ದೇ ಒಳಗೆ ಮೊಳಗುತ್ತದೆ, ಅಲ್ವಾ? ಆನ್‌ಲೈನಿನಲ್ಲಿ ಕೊಳ್ಳುವವರು ಬಾಯಿಯ ಒಳಭಾಗದ ಫೋಟೊ ಕೇಳಿ, ಏಣು ಎಣಿಸಿ, ಆಮೇಲೆ ದುಡ್ಡಿನ ಮಾತಾಡಿ.