ಕೋವಳಂ: ಗುಡ್ಡದ ಮೇಲಿನ ಒಂದು ಮನೆ, ಆಮೇಲೆ ಒಂದು ಊರು

ಕೇರಳದ ಕಡಲತೀರದ ಊರು ಕೋವಳಂ ಬಗ್ಗೆ ಪರೀಕ್ಷೆಗೆ ಓದುವಾಗ ನೇರವಾಗಿ ಹಿಪ್ಪಿಗಳಿಂದ, ಅಂದ್ರೆ ಅಲ್ಲಿಗೆ ಬಂದ ಅಲೆಮಾರಿ ವಿದೇಶಿ ಯುವಕರಿಂದ, ಶುರು ಮಾಡಬೇಡಿ. ಬಹಳ ಜನ ಎಡವೋದು ಅಲ್ಲೇ. ಮೊದಲು ಪಕ್ಕದ ವಿಳಿಂಜಂ ನೋಡಿ. ಅದು ಈ ಭಾಗವನ್ನು ಹಿಂದೆ ಆಳಿದ ಆಯ್ ವಂಶದ ಅರಸರ ಬಂದರು. ಅಲ್ಲಿ 8ನೇ ಶತಮಾನದ ಪುಟ್ಟ ಗುಹಾಲಯ ಇದೆ. ಒಳಗೆ ವೀಣೆ ಹಿಡಿದ ದಕ್ಷಿಣಾಮೂರ್ತಿ, ಹೊರಗೋಡೆಯ ಶಿವನ ಶಿಲ್ಪಗಳು ಮಾತ್ರ ಅರ್ಧಕ್ಕೇ ನಿಂತಿವೆ. ರಾಜರಾಜ ಚೋಳನ ಕಾಲದಲ್ಲಿ ಚೋಳರು ಗೆದ್ದ ಈ ಊರಿಗೆ ಕಡಲೇ ಕಂದಕ ಅಂತ ತಿರುವಾಲಂಗಾಡು ತಾಮ್ರಶಾಸನ ಹೇಳುತ್ತದೆ. ಎಷ್ಟು ಚೆಂದದ ಮಾತು, ಅಲ್ವಾ?

ಕೋವಳಂ ಆಗೆಲ್ಲ ತೆಂಗಿನ ತೋಟ, ಮೀನುಗಾರರ ಗುಡಿಸಲು, ಅಷ್ಟೇ. ತಿರುವಾಂಕೂರಿನ ರಾಣಿ ಸೇತು ಲಕ್ಷ್ಮೀಬಾಯಿ ಅವರ ಆಡಳಿತ 1931ರಲ್ಲಿ ಮುಗಿಯಿತು. ಮರುವರ್ಷವೇ ಅವರ ಪತಿ ಇಲ್ಲಿನ ಗುಡ್ಡದ ಮೇಲೆ ಹಾಲ್ಸಿಯನ್ ಕಾಸಲ್ ಕಟ್ಟಿಸಿದರು. ಕಡಲನ್ನು ದುಡಿಮೆಗಲ್ಲದೆ ಸುಮ್ನೆ ಕೂತು ನೋಡೋದಕ್ಕೆ ಅಂತ ಕಟ್ಟಿದ ಮನೆ. ನನ್ನ ಪ್ರಕಾರ ಪ್ರವಾಸಿ ಕೋವಳಂ ಹುಟ್ಟಿದ್ದು ಇಲ್ಲೇ. 1964ರಲ್ಲಿ ಆ ಮನೆ ಸರ್ಕಾರದ ಕೈಗೆ ಬಂತು.

ಮುಂದಿನ ಭಾಗ ನನಗೆ ಜಾಸ್ತಿ ಇಷ್ಟ. ಸರ್ಕಾರ ಅಲ್ಲೊಂದು ಹೋಟೆಲ್ ಕಟ್ಟಲು ಹೊರಟಾಗ ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. 1969ರಿಂದ 1974ರವರೆಗೆ ಕೆಲಸ ನಡೆಯಿತು. ಸಮುದ್ರದ ಎದುರು ಎತ್ತರದ ಕಟ್ಟಡ ನಿಲ್ಲಿಸಿದರೆ ಗುಡ್ಡದ ಚೆಲುವೇ ಹೋಗುತ್ತೆ, ಹಾಗಾಗಿ ಅವರು ಕೋಣೆಗಳನ್ನು ಇಳಿಜಾರಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದರು, ಹಾಗೆ ಮಾಡಿದ್ದರಿಂದ ಕೋಣೆಯಿಂದ ಕಡಲು ಕಾಣುತ್ತೆ, ಕೂರಲು ಬಿಸಿಲಿನ ಅಂಗಳ ಸಿಗುತ್ತೆ, ಗುಡ್ಡವೂ ಗುಡ್ಡವಾಗಿಯೇ ಉಳಿಯುತ್ತೆ. ಅದನ್ನು ಒಂದು ಚಿತ್ರ ಬರೆದು ನೋಡಿ, ಬೇಗ ತಲೆಗೆ ಹತ್ತುತ್ತೆ.

ಹಿಪ್ಪಿಗಳು ಬಂದದ್ದು ಇದೇ ಹೊತ್ತಿಗೆ. ಅವರು ದೊಡ್ಡ ಹೋಟೆಲಿಗೆ ಹೋಗಲಿಲ್ಲ, ಊರವರ ಮನೆಗಳಲ್ಲಿ ಉಳಿದರು. ದಡದ ಚಿಕ್ಕ ಲಾಡ್ಜು, ಊಟದ ಅಂಗಡಿಗಳ ಬೇರು ಅಲ್ಲಿದೆ. 1972ರಲ್ಲಿ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭವೂ ಬಂತು. ಲೈಟ್‌ಹೌಸ್ ಬೀಚ್ ಹೆಸರು ಅದರಿಂದಲೇ. ಪಕ್ಕದ ಹವ್ವಾ ಬೀಚಿನಲ್ಲಿ ಬೆಳಗ್ಗೆ ಮೀನುಗಾರರ ದೋಣಿ, ಬಿಸಿಲೇರಿದ ಮೇಲೆ ಈಜುವವರು.

ಕೊನೆಗೆ ಮತ್ತೆ ವಿಳಿಂಜಂ. ದಡದ ಹತ್ತಿರವೇ ಸಮುದ್ರ ತುಂಬ ಆಳ ಇರೋದರಿಂದ ದೈತ್ಯ ಕಂಟೇನರ್ ಹಡಗುಗಳಿಗೆ ಅಲ್ಲಿ ಹೊಸ ಬಂದರು ಕಟ್ಟಿದರು. ದಡ ಕೊಚ್ಚಿಹೋಗುತ್ತಿದೆ, ಮನೆ ಕಳೆದುಕೊಳ್ಳುತ್ತಿದ್ದೇವೆ ಅಂತ 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಪ್ರತಿಭಟನೆ ಮಾಡಿದರು. ಬಂದರು 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಉತ್ತರ ಬರೆಯುವಾಗ ಈ ಎರಡು ವರ್ಷಗಳನ್ನೂ ಒಟ್ಟಿಗೇ ಬರೆಯಿರಿ.