ಚಿಲ್ಲರೆ ಕೊಡೋರೇ ದುಡ್ಡು ಕೊಡೋರು

"ಈಗ ನನ್ನ ಹತ್ರ ದುಡ್ಡಿಲ್ಲ ಪುಟ್ಟಾ" ಅನ್ನುತ್ತೀರಿ. "ಹಾಗಾದ್ರೆ ಎಟಿಎಂಗೆ ಹೋಗೋಣ" ಅಂತ ಉತ್ತರ ಬರುತ್ತದೆ. ನಮಗೆ ನಗು. ಆದರೆ ಮಗು ತಾನು ಕಂಡಿದ್ದನ್ನೇ ಹೇಳಿದೆ: ಕಾರ್ಡು ಹಾಕಿದರೆ ನೋಟು ಬರುತ್ತದೆ. ತಿಂಗಳಿಡೀ ದುಡಿದಿದ್ದು, ಸಂಬಳ ಖಾತೆಗೆ ಬಿದ್ದಿದ್ದು, ಯಾವುದನ್ನೂ ಅದು ನೋಡಿಲ್ಲ.

ಇದಕ್ಕಿಂತ ಮಜವಾದದ್ದು ಚಿಲ್ಲರೆಯ ಕಥೆ. ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಫರ್ತ್ ಇಂಗ್ಲೆಂಡಿನ ಮಕ್ಕಳನ್ನು ಮಾತಾಡಿಸಿ 1980ರಲ್ಲಿ ಒಂದು ಪುಸ್ತಕ ಬರೆದರು. ದುಡ್ಡು ಎಲ್ಲಿಂದ ಬರುತ್ತದೆ ಅಂದರೆ ಕೆಲವು ಚಿಕ್ಕ ಮಕ್ಕಳ ಉತ್ತರ, ಅಂಗಡಿಯವರು ವಾಪಸ್ ಕೊಡ್ತಾರಲ್ಲ, ಅಲ್ಲಿಂದ! ಸುಮ್ನೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಿ. ಅಪ್ಪ ಒಂದೇ ಒಂದು ನೋಟು ಕೊಟ್ಟ, ಸಾಮಾನೂ ಸಿಕ್ಕಿತು, ಮೇಲೆ ನಾಲ್ಕು ನೋಟು, ಒಂದು ಹಿಡಿ ನಾಣ್ಯ ಬೇರೆ. ಲಾಭ ಯಾರಿಗೆ? ಐದಾರು ವರ್ಷದ ಮಗುವಿಗೆ ಕಣ್ಣಿಗೆ ಕಂಡಿದ್ದೇ ಲೆಕ್ಕ. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿದ ಹಾಗೆ, ಎರಡು ಸಾಲಿನಲ್ಲಿ ಅಷ್ಟಷ್ಟೇ ಬಿಲ್ಲೆಗಳಿದ್ದರೂ ಒಂದು ಸಾಲನ್ನು ಸ್ವಲ್ಪ ಹರಡಿಟ್ಟರೆ ಸಾಕು, ಈ ವಯಸ್ಸಿನ ಎಷ್ಟೋ ಮಕ್ಕಳು ಅದರಲ್ಲೇ ಜಾಸ್ತಿ ಇದೆ ಅನ್ನುತ್ತಾರೆ. ಇನ್ನು ಒಂದು ದೊಡ್ಡ ನೋಟು ಹತ್ತು ನಾಣ್ಯಕ್ಕಿಂತ ಹೆಚ್ಚು ಅನ್ನೋದನ್ನು ಹೇಗೆ ನಂಬಬೇಕು?

ಇಟಲಿಯ ಮನಶ್ಶಾಸ್ತ್ರಜ್ಞೆಯರಾದ ಅನ್ನಾ ಎಮಿಲಿಯಾ ಬೆರ್ತಿ ಮತ್ತು ಅನ್ನಾ ಸಿಲ್ವಿಯಾ ಬೊಂಬಿ ಇದನ್ನು ಇನ್ನೂ ಬಿಡಿಸಿ ನೋಡಿದರು. ಮೊದಮೊದಲು ದುಡ್ಡು ಕೊಡಬೇಕು ಅನ್ನೋದೇ ಮಗುವಿಗೆ ಗೊತ್ತಿರುವುದಿಲ್ಲ. ಆಮೇಲೆ ಕೊಡಬೇಕು ಅಂತ ಗೊತ್ತಾಗುತ್ತದೆ, ಆದರೆ ಯಾವ ನಾಣ್ಯಕ್ಕೆ ಏನು ಬೇಕಾದರೂ ಬರುತ್ತದೆ. ಬೆಲೆಗೆ ಸರಿಯಾಗಿ ಕೊಡಬೇಕು ಅನ್ನೋದು ಅದಕ್ಕೂ ಆಮೇಲೆ, ಚಿಲ್ಲರೆ ಯಾಕೆ ವಾಪಸ್ ಬರುತ್ತದೆ ಅನ್ನೋದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ "ಅದು ತುಂಬಾ ದುಬಾರಿ" ಅನ್ನುವ ನಮ್ಮ ವಿವರಣೆ ಎರಡನೇ ಮೆಟ್ಟಿಲಲ್ಲಿರುವ ಮಗುವಿಗೆ ಬರೀ "ಕೊಡಿಸಲ್ಲ" ಅಂತಲೇ ಕೇಳಿಸುತ್ತದೆ ಅನ್ನೋದು ನನ್ನ ಅನುಮಾನ. (ಈಗಂತೂ ಫೋನು ತೋರಿಸಿದರೆ ಮುಗಿಯಿತು. ನೋಟೂ ಇಲ್ಲ, ಚಿಲ್ಲರೆಯೂ ಇಲ್ಲ. ಮಗು ಇನ್ನೇನು ನೋಡಿ ಕಲಿಯಬೇಕು?)

ಲಾಭದ ವಿಷಯ ಇನ್ನೂ ತಡ. ಮನಶ್ಶಾಸ್ತ್ರಜ್ಞ ಗುಸ್ತಾವ್ ಯಹೋದಾ ಸ್ಕಾಟ್ಲೆಂಡಿನ ಗ್ಲಾಸ್ಗೋದ ಮಕ್ಕಳ ಜೊತೆ ಅಂಗಡಿ ಆಟ ಆಡಿ 1979ರಲ್ಲಿ ವರದಿ ಮಾಡಿದರು. ಅಂಗಡಿಯವರೂ ಸಾಮಾನಿಗೆ ದುಡ್ಡು ಕೊಡಬೇಕು ಅನ್ನೋದು ಚಿಕ್ಕವರಿಗೆ ಹೊಳೆಯಲೇ ಇಲ್ಲ. ಸ್ವಲ್ಪ ದೊಡ್ಡವರಿಗೆ ಅದು ಗೊತ್ತಿತ್ತು, ಆದರೆ ತಂದ ಬೆಲೆ, ಮಾರುವ ಬೆಲೆ ಎರಡೂ ಒಂದೇ ಅಂದುಕೊಂಡಿದ್ದರು. ಎರಡರ ನಡುವಿನ ವ್ಯತ್ಯಾಸದಲ್ಲೇ ಅಂಗಡಿಯವರ ಹೊಟ್ಟೆಪಾಡು ಅಂತ ಹೆಚ್ಚಿನವರಿಗೆ ತಿಳಿದಿದ್ದು ಹತ್ತು ವರ್ಷದ ಆಸುಪಾಸಿನಲ್ಲಿ.

ಲಾಭದ ಇದೇ ಪ್ರಶ್ನೆಯನ್ನು ಯಹೋದಾ ಜಿಂಬಾಬ್ವೆಯಲ್ಲೂ ಕೇಳಿದರು, 9ರಿಂದ 11 ವರ್ಷದವರಿಗೆ. ಆ ಮಕ್ಕಳು ಯುರೋಪಿನ ತಮ್ಮ ಓರಗೆಯವರಿಗಿಂತ ಮುಂದಿದ್ದರು. ಅವರಲ್ಲಿ ಹಲವರು ಸಣ್ಣಪುಟ್ಟ ವ್ಯಾಪಾರದಲ್ಲಿ ಕೈ ಆಡಿಸಿದವರು. ತಂದ ಬೆಲೆಗೇ ಮಾರಿದರೆ ಸಂಜೆ ಕೈಯಲ್ಲಿ ಏನೂ ಉಳಿಯಲ್ಲ ಅಂತ ಅವರಿಗೆ ಯಾರು ತಾನೇ ಬಿಡಿಸಿ ಹೇಳಬೇಕಿತ್ತು?