ಪಿಕಪ್‌ನ ಹೊಟ್ಟೆ ಯಾಕೆ ಉಜ್ಜುತ್ತದೆ?

ಹೊಸ ಪಿಕಪ್ ಕೈಗೆ ಸಿಕ್ಕರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಟೇಪು, ಟಾರ್ಚು ಹಿಡಿದು ಸೀದಾ ಗಾಡಿ ಅಡಿಗೆ ತೂರುತ್ತೇನೆ. ಸಸ್ಪೆನ್ಷನ್ ಕೆಲಸ ಹತ್ತಿಸಿದ ಚಾಳಿ ಇದು. ಸ್ವಲ್ಪ ಓಡಿದ ಗಾಡಿಯಾದರೆ ಇನ್ನೂ ಒಳ್ಳೆಯದು, ಗೀರುಗಳೇ ಕಥೆ ಹೇಳುತ್ತವೆ. ಗಿಡ್ಡ ಆಫ್‌ರೋಡ್ ಗಾಡಿಗೆ ಜಾಸ್ತಿ ಪೆಟ್ಟು ಬೀಳುವುದು ಡಿಫರೆನ್ಶಿಯಲ್ ಹೌಸಿಂಗ್ ಮೇಲೆ, ಅಂದರೆ ಆಕ್ಸಲ್ ನಡುವೆ ಇರುವ ಗೇರುಗಳ ಡಬ್ಬಿ ಮೇಲೆ. ಪಿಕಪ್‌ಗೆ ಹಾಗಲ್ಲ. ನಟ್ಟನಡುವೆ, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಗೇರ್ ಡಬ್ಬಿ) ಕೆಳಗಿನ ಸ್ಕಿಡ್ ಪ್ಲೇಟ್, ಅಂದರೆ ಕಾವಲು ತಗಡು, ಉಜ್ಜಿರುತ್ತದೆ. ಆಮೇಲೆ ಹಿಂದಿನ ಬಂಪರ್.

ಮಧ್ಯಮ ಗಾತ್ರದ ಆಫ್‌ರೋಡ್ ಪಿಕಪ್ ಬಗ್ಗೆ ಜನ ಜಗಳವಾಡುವುದೇ ಬೇರೆ ವಿಷಯಕ್ಕೆ. ಮುಂದೆ ಎರಡೂ ಚಕ್ರ ಒಂದೇ ದಂಡಕ್ಕೆ ಕೂತ ಗಟ್ಟಿ ಆಕ್ಸಲ್ ಬೇಕಾ, ಒಂದೊಂದು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಸಾಕಾ? ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಒಂದಾ, ಎರಡಾ? ನಾನಾದರೆ ಹಿಂದಿನ ಬೆಡ್‌ನಿಂದ, ಅಂದರೆ ಸಾಮಾನು ಹೇರುವ ತೊಟ್ಟಿಯಿಂದ, ಶುರು ಮಾಡುತ್ತೇನೆ. ಎಂಜಿನಿಯರ್ ಪೆನ್ಸಿಲ್ ಹಿಡಿಯುವ ಮೊದಲೇ ಆ ಬೆಡ್ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತದೆ.

2020ರ ಮಾದರಿಯಾಗಿ ಬಂದ ಜೀಪ್ ಗ್ಲಾಡಿಯೇಟರ್ ನೋಡಿ. ರೂಬಿಕಾನ್ ಮಾದರಿಯಲ್ಲಿ ಎರಡೂ ಕಡೆ ಗಟ್ಟಿ ಆಕ್ಸಲ್, ಎರಡೂ ಕಡೆ ಲಾಕರ್, ಟ್ರಾನ್ಸ್‌ಫರ್ ಕೇಸ್‌ನಲ್ಲಿ 4:1 ಲೋ ರೇಂಜ್, ಅಂದರೆ ವೇಗ ಕಾಲು ಭಾಗಕ್ಕಿಳಿಸಿ ಎಳೆತ ಹೆಚ್ಚಿಸುವ ಗೇರು. ಕೇಳಿದ್ದೆಲ್ಲ ಇದೆ. ಆದರೆ ಬೆಡ್ ಇಲ್ಲದ ಜೀಪ್ ಆದ ನಾಲ್ಕು ಬಾಗಿಲಿನ ರ‍್ಯಾಂಗ್ಲರ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 3,008 ಮಿಮೀ, ಇದರದ್ದು 3,487. ಬೆಡ್‌ಗೆ ಜಾಗ ಮಾಡಿದ್ದಕ್ಕೆ ಸುಮಾರು ಅರ್ಧ ಮೀಟರ್ ಜಾಸ್ತಿ. ದಿಬ್ಬದ ನೆತ್ತಿ ದಾಟುವಾಗ ಲೆಕ್ಕಕ್ಕೆ ಬರುವುದು ಇದೇ ಅರ್ಧ ಮೀಟರ್.

ಲೆಕ್ಕ ಸುಲಭ. ನಡುವಿನಲ್ಲಿ ಹೊಟ್ಟೆ ನೆಲದಿಂದ 250 ಮಿಮೀ ಎತ್ತರ ಇದೆ ಅಂದುಕೊಳ್ಳಿ. ವೀಲ್‌ಬೇಸ್ 3,000 ಇದ್ದರೆ ಹೊಟ್ಟೆ ತಗಲದೆ ದಾಟಬಹುದಾದ ದಿಬ್ಬದ ಕೋನ ಹತ್ತಿರಹತ್ತಿರ 19 ಡಿಗ್ರಿ. 3,500 ಆದರೆ 16ರ ಆಸುಪಾಸು. ಮತ್ತೆ 19ಕ್ಕೆ ಬರಬೇಕಾದರೆ ಹೊಟ್ಟೆಯನ್ನು 42 ಮಿಮೀ ಮೇಲೆತ್ತಬೇಕು.

ಟೈರ್ ದೊಡ್ಡದು ಹಾಕಿದರಾಯ್ತು ಅಂತೀರಾ? ಟೈರ್ ಎಷ್ಟು ದೊಡ್ಡದಾದರೂ ಗಾಡಿ ಏರುವುದು ಅದರ ಅರ್ಧದಷ್ಟೇ. 32 ಇಂಚು ತೆಗೆದು 35 ಹಾಕಿದರೆ 38 ಮಿಮೀ ಸಿಗುತ್ತದೆ, ಇನ್ನೂ ನಾಲ್ಕು ಬಾಕಿ. ಜೊತೆಗೆ 4.10ರ ಆಕ್ಸಲ್ ಗೇರು 3.75ರಂತೆ ಎಳೆಯತೊಡಗುತ್ತದೆ, ಅಂದರೆ ಎಳೆತ ಕಡಿಮೆಯಾಗುತ್ತದೆ. ಭಾರದ ಟೈರಿಗೆ ಬ್ರೇಕೂ ಸ್ಟಿಯರಿಂಗೂ ಜಾಸ್ತಿ ದುಡಿಯಬೇಕು. ಸ್ಪ್ರಿಂಗ್ ಎತ್ತರಿಸಿದರೆ ಹೊಟ್ಟೆ ಮೇಲೇರುತ್ತದೆ, ನಿಜ. ಆದರೆ ಓರೆ ಇಳಿಜಾರಿನಲ್ಲಿ ಗಾಡಿ ವಾಲಿದಾಗ ಡ್ರೈವರ್ ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತದೆ.

ಬೆಡ್‌ನ ಎರಡನೇ ತಂಟೆ ಹಿಂದಿನ ಸ್ಪ್ರಿಂಗ್. ಖಾಲಿ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್‌ಗಳ ಮೇಲೆ 600 ಕೆಜಿ ಕೂತಿದ್ದರೆ, 600 ಕೆಜಿ ಸಾಮಾನು ಹೇರಿದಾಗ ಭಾರ ದುಪ್ಪಟ್ಟು. ಮಾಮೂಲಿ ಕಾರಿನ ಸ್ಪ್ರಿಂಗ್‌ಗೆ ಈ ಕಷ್ಟ ಇಲ್ಲ. ಹಾಗಾಗಿ ಪಿಕಪ್‌ಗೆ ಬಿಗಿ ಸ್ಪ್ರಿಂಗ್ ಬೇಕು. ಬಿಗಿ ಮಾಡಿದರೆ ಖಾಲಿ ಗಾಡಿಯ ಹಿಂಭಾಗ ಕುಕ್ಕುತ್ತದೆ.

ಒಮ್ಮೆ ಖಾಲಿ ಪಿಕಪ್‌ನ ಲೀಫ್ ಸ್ಪ್ರಿಂಗ್ (ಉದ್ದನೆಯ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ಪಕ್ಕಕ್ಕೆ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದೆವು. ಜಲ್ಲಿ ಏರು, ಲೋ ರೇಂಜ್. ಆಕ್ಸಿಲರೇಟರ್ ಒತ್ತಿದ ಕೂಡಲೇ ಗೆರೆ ಹಾವಿನ ಹಾಗೆ ಬಳುಕಿತು. ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹೌಸಿಂಗ್ ಹಿಮ್ಮುಖವಾಗಿ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಸ್ಪ್ರಿಂಗಿನ ಪ್ಲೇಟುಗಳು ಬಿಟ್ಟರೆ ಇನ್ಯಾರೂ ಇಲ್ಲ. ಚಕ್ರದ ಹಿಡಿತ ತಪ್ಪಿತು, ಗೆರೆ ಸಟ್ಟನೆ ಸರಿಯಾಯಿತು. ಹಿಡಿತ ಸಿಕ್ಕಿತು, ಮತ್ತೆ ಬಳುಕಿತು. ಟಕಟಕ ಅಂತ ಹಿಂದಿನ ಚಕ್ರ ನೆಗೆಯುವುದು ಇದಕ್ಕೇ.

ಸುರುಳಿಯಂತಿರುವ ಕಾಯಿಲ್ ಸ್ಪ್ರಿಂಗ್ ಹಾಕಿದರೆ ಈ ಕಾಟ ಕಡಿಮೆ. ಆದರೆ ಕಾಯಿಲ್‌ಗೆ ಭಾರ ಹೊರುವುದಷ್ಟೇ ಗೊತ್ತು, ಆಕ್ಸಲ್ಲನ್ನು ಜಾಗದಲ್ಲಿ ಹಿಡಿಯುವುದು ಗೊತ್ತಿಲ್ಲ. ಅದಕ್ಕೆ ಬೇರೆ ಲಿಂಕ್‌ಗಳು, ಅಂದರೆ ಆಕ್ಸಲ್ಲನ್ನು ಗಾಡಿಗೆ ಜೋಡಿಸುವ ಸರಳುಗಳು, ಬೇಕು. ಫೋರ್ಡ್ ರೇಂಜರ್ ರ‍್ಯಾಪ್ಟರ್‌ನಲ್ಲಿ ಕಾಯಿಲ್ ಜೊತೆ ವ್ಯಾಟ್ಸ್ ಲಿಂಕೇಜ್ ಅನ್ನುವ ಸರಳುಗಳ ಜೋಡಣೆ ಇದೆ. ಆಕ್ಸಲ್ ಪಕ್ಕಕ್ಕೆ ಸರಿಯದೆ ನೆಟ್ಟಗೆ ಮೇಲೆ ಕೆಳಗೆ ಓಡಾಡುತ್ತದೆ. ಉಬ್ಬುತಗ್ಗಿನ ಮಣ್ಣುದಾರಿಯಲ್ಲಿ ಜೋರಾಗಿ ಓಡಿಸುವುದಕ್ಕೆ ಮಾಡಿದ ಸಸ್ಪೆನ್ಷನ್ ಅದು. ಹೊರೆಯ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ ಲೀಫ್ ಇರುವ ರೇಂಜರ್‌ಗಳಿಗೆ 3,500 ಕೆಜಿ ಟ್ರೈಲರ್ ಎಳೆಯಲು ಅನುಮತಿ ಇದ್ದರೆ ರ‍್ಯಾಪ್ಟರ್‌ಗೆ 2,500. ಸ್ಪ್ರಿಂಗ್ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದರೂ ಯಾವ ಕಡೆ ವಾಲಿದ್ದಾರೆ ಅನ್ನುವುದು ಸ್ಪಷ್ಟ. ಟೊಯೊಟಾ ಟಕೋಮಾದವರು 2024ರಲ್ಲಿ ಜಾಣತನ ಮಾಡಿದರು. ಕೆಳಗಿನ ಕೆಲವು ಮಾದರಿಗಳಿಗೆ ಲೀಫ್ ಉಳಿಸಿ, ಮಿಕ್ಕವಕ್ಕೆ ಕಾಯಿಲ್ ಕೊಟ್ಟರು.

ಮುಂದಿನ ಆಕ್ಸಲ್ ಜಗಳ ಇನ್ನೂ ಬಾಕಿ ಇದೆ, ಅಲ್ವಾ? ನಿಧಾನವಾಗಿ ಬಂಡೆ ಹತ್ತುವವರಿಗೆ ಗಟ್ಟಿ ಆಕ್ಸಲ್, ವೇಗ ಬೇಕಾದವರಿಗೆ ಇಂಡಿಪೆಂಡೆಂಟ್. ಅಷ್ಟೇ. ಬೆಡ್ ಇರಲಿ, ಇಲ್ಲದಿರಲಿ, ಇದರ ಉತ್ತರ ಒಂದೇ.

ನನಗಂತೂ ಗಿಡ್ಡ ಬೆಡ್, ಹಿಂದೆ ಕಾಯಿಲ್, 33 ಇಂಚಿನ ಟೈರ್ ಸಾಕು. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಇದಕ್ಕೆ ನಗುತ್ತಾರೆ. ಅವರ ಪಿಕಪ್‌ನಲ್ಲಿ ವರ್ಷವಿಡೀ ವೆಲ್ಡಿಂಗ್ ಮೆಷಿನ್ನು, ಜನರೇಟರು ಇರುತ್ತವೆ. ಖಾಲಿ ಓಡಿದ್ದೇ ಇಲ್ಲ. ಆ ಭಾರಕ್ಕೆ ಲೀಫ್ ಸ್ಪ್ರಿಂಗ್ ಹದವಾಗಿ ಕೂತಿದೆ, ಚಕ್ರ ನೆಗೆಯುವ ಮಾತೇ ಇಲ್ಲ. ಮೊನ್ನೆ ಅದರ ಅಡಿಗೂ ತೂರಿದ್ದೆ. ಸ್ಪ್ರಿಂಗಿನ ಪ್ಲೇಟುಗಳು ಚೆನ್ನಾಗಿವೆ. ಸ್ಕಿಡ್ ಪ್ಲೇಟ್ ಮಾತ್ರ ನಡುವಿನಲ್ಲಿ ಬೋಗುಣಿಯ ಹಾಗೆ ಒಳಕ್ಕೆ ಹೋಗಿದೆ.